ಹೊಸ ಶಾಕಬ್ಸರಿಗೆ ಮೊಸರಿನ ಪರೀಕ್ಷೆ

ನನ್ನ ಕಾರನ್ನು ಡಬ್ಬ ಅಂದವರನ್ನು ನಾನು ಸುಮ್ಮನೆ ಬಿಟ್ಟವಳಲ್ಲ. ಆದರೆ ಆ ಸಲ ಅಂದವರು ತಂಗಿಯ ಅತ್ತೆ. ಹೆಣ್ಣು ಕೊಟ್ಟ ಕಡೆಯವರು ಏನು ತಾನೇ ಅನ್ನಲಾದೀತು? ಹಲ್ಲು ಕಚ್ಚಿಕೊಂಡು ನಕ್ಕೆ.

ತಂಗಿಯನ್ನು ರಾಮನಾಥಪುರದ ಹತ್ತಿರದ ಊರಿಗೆ ಕೊಟ್ಟಿದ್ದೇವೆ. ಚೊಚ್ಚಲ ಬಸುರಿ, ಏಳು ತುಂಬಿತ್ತು. ಹೆರಿಗೆಗೆ ಚನ್ನರಾಯಪಟ್ಟಣಕ್ಕೆ, ನಮ್ಮ ಮನೆಗೆ ಕರೆತರಬೇಕು. ಬಾಡಿಗೆ ಕಾರಿನ ಸೆಂಟಿನ ವಾಸನೆಗೇ ಅವಳಿಗೆ ವಾಂತಿ. "ನೀನೇ ಬಾ ಅಕ್ಕ, ನಮ್ ಕಾರಲ್ಲೇ ಬತ್ತೀನಿ" ಅಂತ ದಿನಾ ಫೋನು. ಅತ್ತೆಯೋ, ಸೀಮಂತದ ದಿನ ಹೂವು ತರಲು ಅದೇ ಕಾರಲ್ಲಿ ನನ್ನ ಜೊತೆ ಅರಕಲಗೂಡಿಗೆ ಬಂದವರು, ಇಳಿದದ್ದೇ ಸೊಂಟ ಹಿಡಿದುಕೊಂಡು ತೀರ್ಪು ಕೊಟ್ಟುಬಿಟ್ಟರು. "ಈ ಡಬ್ಬದಾಗೆ ನನ್ ಸೊಸೇನ ಕಳ್ಸಾಕಿಲ್ಲ ಕಣವ್ವ. ಎರಿಗೆ ಇಲ್ಲೇ ಆಗ್ಲಿ."

ಇತ್ತ ಅಮ್ಮ ಬಾಣಂತಿ ಕೋಣೆಗೆ ಸುಣ್ಣ ಹೊಡೆಸಿ ಆಗಿತ್ತು. ವಿಷಯ ಕೇಳಿ ಸೆರಗು ಕಣ್ಣಿಗೆ ಒತ್ತಿಕೊಂಡು ಕೂತಳು. ನನಗೆ ರೋಷ ಉಕ್ಕಿತು. ಆ ಕಾರಿಗೆ ಏನಾಗಬೇಕೋ ಮಾಡಿಸಿಯೇ ತೀರುತ್ತೇನೆ ಅಂತ ಗ್ಯಾರೇಜಿಗೆ ಹೊರಟೆ.

ಕಾರಿನದೂ ತಪ್ಪಿತ್ತು, ಸುಳ್ಳೇಕೆ? ಗುಂಡಿಗೆ ಇಳಿದರೆ ಮುಂದಿನಿಂದ ಡಬ್ ಡಬ್. ಮೂತಿ ಒತ್ತಿ ಕೈಬಿಟ್ಟರೆ ಕೋಲೆ ಬಸವನ ಹಾಗೆ ತಲೆ ಆಡಿಸುತ್ತಲೇ ಇರುತ್ತಿತ್ತು. ನಮ್ಮ ಮೆಕ್ಯಾನಿಕ್ ನನ್ನ ಜೊತೆ ಹೈಸ್ಕೂಲಲ್ಲಿ ಓದಿದವನು. ಚಕ್ರದ ಹಿಂದೆ ಬ್ಯಾಟರಿ ಬಿಟ್ಟು ತೋರಿಸಿದ. ಕುಲುಕು ತಡೆಯುವ ಶಾಕಬ್ಸರಿನ ಮೈಯೆಲ್ಲ ಎಣ್ಣೆ ಸೋರಿ ಧೂಳು ಮೆತ್ತಿಕೊಂಡಿತ್ತು.

"ಈ ಗಾಡಿಗೆ ಕಂಪನಿ ಮಾಲು ಬರಾದು ನಿಂತೋಗದೆ. ಆಸನದ ಪ್ಯಾಟೇಲಿ ಬ್ಯಾರೆ ಕಂಪ್ನೀದು ಸಿಕ್ತದೆ, ಸಂದಾಗವೆ. ಇಂದ್ಗಡೇದೂ ಒಟ್ಗೆ ಆಕ್ಬುಡಾನ ಕಣಮ್ಮಿ, ಅವೂ ಮುದುಕ್ರಾಗವೆ" ಅಂದ.

"ಡಬ್ ಅನ್ನೋದು ಮುಂದ್ಗಡೆ ತಾನೆ? ಮುಂದ್ಗಡೇದು ಆಕು ಸಾಕು" ಅಂದೆ. ನನಗೆ ಆತುರ.

ಹಾಸನದಿಂದ ಜೋಡಿ ಶಾಕಬ್ಸರನ್ನು ಬಸ್ಸಲ್ಲಿ ತೊಡೆಯ ಮೇಲಿಟ್ಟುಕೊಂಡೇ ತಂದೆ. ಶಾಂತಿಗ್ರಾಮದಲ್ಲಿ ಹತ್ತಿದ ಹೆಂಗಸೊಬ್ಬಳು ಮಿಕ್ಸಿಯಾ ಅಂತ ಕೇಳಿದಳು. ಬೇಕಂತಲೇ ಹೂಂ ಅಂದೆ.

ಆ ಮಧ್ಯಾಹ್ನ ಗ್ಯಾರೇಜಲ್ಲಿ ನನ್ನದೇ ಗಲಾಟೆ. ಹಳೆಯದರ ಕೆಳಗಿನ ಬೋಲ್ಟು ತುಕ್ಕು ಹಿಡಿದು ಜಪ್ಪಯ್ಯ ಅಂದರೂ ಅಲುಗಲಿಲ್ಲ. ಸ್ಪ್ಯಾನರಿಗೆ ಉದ್ದನೆ ಪೈಪು ಸಿಗಿಸಿ, ಸೀರೆ ಎತ್ತಿ ಕಟ್ಟಿ, ನಾನೇ ಅದರ ಮೇಲೆ ಹತ್ತಿ ನಿಂತೆ. ಕಿಟಾರ್ ಅಂತ ಕಿರುಚಿ ಬಿಟ್ಟುಕೊಂಡಿತು ನೋಡಿ! ಹಳೆಯ ಸ್ಪ್ರಿಂಗನ್ನೇ ಹೊಸದಕ್ಕೆ ಕೂರಿಸಬೇಕು. ಎರಡು ಕಡೆ ಕೊಕ್ಕೆ ಹಾಕಿ ತಿರುಪಿ ತಿರುಪಿ ಕುಗ್ಗಿಸುವಾಗ ಅವನು "ಮೊಕ ಅತ್ಲಾಗಿಡಮ್ಮಿ, ಸಿಡಿದ್ರೆ ಅಲ್ಲು ಉಳಿಯಾಕಿಲ್ಲ" ಅಂದ. ನಾನು ಮುಖ ತಿರುಗಿಸಿದರೂ ಕಣ್ಣು ಅತ್ತಲೇ. ಎಲ್ಲ ಬಿಗಿದು ಚಕ್ರ ಹಾಕಿದ ಮೇಲೆ ಮೂತಿ ಒತ್ತಿ ಬಿಟ್ಟೆ. ಒಂದೇ ಸಲ ಮೇಲೆ ಬಂದು ನಿಂತಿತು. "ಅಯ್ಯೋ ನನ್ನ ರಾಜಾ!" ಅಂತ ಬಾನೆಟ್ಟಿಗೆ ಮುತ್ತು ಕೊಟ್ಟೆ. ಅವನು ಬಿದ್ದು ಬಿದ್ದು ನಕ್ಕ.

ಅತ್ತೆಗೆ ಫೋನು ಮಾಡಿದೆ. "ಬೆಣ್ಣೆ ಥರಾ ಓಯ್ತದೆ ಅತ್ತೆ!"

"ಬೆಣ್ಣೆ ಕತೆ ಆಮ್ಯಾಕೆ. ಗಡಿಗೇಲಿ ಮೊಸರು ಎಪ್ಪಾಕಿರ್ತೀನಿ. ತೊಡೆ ಮ್ಯಾಲೆ ಮಡಿಕ್ಕೊಂಡು ಅರಕಲಗೂಡ್ಗೆ ಓಗಿ ಬರಾನ. ಕೆನೆ ಬಿರೀದೆ, ನೀರು ಬಿಡ್ದೆ ಅಂಗೇ ಇದ್ರೆ ಕಳಸ್ತೀನಿ."

ಆಗಲಿ ಅಂದೆ. ಒಳ್ಳೆಯ ದಿನ ನೋಡಿಕೊಂಡು ಬೆಳಗ್ಗೆಯೇ ಹೊರಟು ಹೊಳೆನರಸೀಪುರ ದಾಟುವವರೆಗೂ ಹಾಡಿಕೊಂಡೇ ಹೋದೆ. ಬೀಗರಲ್ಲವೇ, ಹಿಂದಿನ ಸೀಟಿಗೆ ಶಾಲು ಹಾಸಿ, ಬಾಗಿಲು ತೆಗೆದು, ಅತ್ತೆಯನ್ನು ಮರ್ಯಾದೆಯಿಂದ ಕೂರಿಸಿದೆ. ಮಡಿಲಲ್ಲಿ ಗಡಿಗೆ. ಮುಂದೆ ಕೂತ ನನಗೆ ರಸ್ತೆಯ ಹಂಪು ಬಂದದ್ದೂ ಗೊತ್ತಾಗಲಿಲ್ಲ. ಹೋಗಿ ಬಂದು, ಜಗಲಿಯ ಮೇಲೆ ತಂಗಿಯ ಎದುರಿಗೇ ಅತ್ತೆ ಮುಚ್ಚಳ ತೆಗೆದರು.

ಮೊಸರು ಬಿರಿದು, ನೀರು ತೇಲುತ್ತಿತ್ತು.

ತಂಗಿ ಗೋಡೆಗೆ ಒರಗಿ ನಿಂತಳು. ಅವಳ ಬ್ಯಾಗು ಆಗಲೇ ಬಾಗಿಲ ಬಳಿ ಇತ್ತು. ನನಗೆ ಅಳು, ಸಿಟ್ಟು ಎರಡೂ ಒಟ್ಟಿಗೆ ಬಂದವು. ಮೆಕ್ಯಾನಿಕ್ಕನ್ನು ಮನಸ್ಸಲ್ಲೇ ಬೈಯುತ್ತಾ, ಶಾಲು ತೆಗೆಯಲು ಹಿಂದಿನ ಬಾಗಿಲಿಗೆ ಕೈ ಹಾಕಿದವಳು ಹಾಗೇ ನಿಂತೆ. ಥೂ ನನ್ನ ಬುದ್ಧಿಗಿಷ್ಟು! ಹೊಸದು ಹಾಕಿಸಿದ್ದು ಮುಂದಕ್ಕೆ, ಮರ್ಯಾದೆ ಅಂತ ಅತ್ತೆಯನ್ನು ಕೂರಿಸಿದ್ದು ಹಿಂದೆ, ಆ ಮುದಿ ಶಾಕಬ್ಸರಿನ ಮೇಲೆ!

"ಅತ್ತೆ, ಇನ್ನೊಂದೇ ಒಂದು ಸಲ. ಮುಂದೆ ಕೂತ್ಕಳಿ."

"ಡ್ರೈವರ್ ಪಕ್ಕದಾಗ? ಗಂಡಸ್ರು ಕೂರೋ ಜಾಗ ಕಣವ್ವ ಅದು!"

"ಡ್ರೈವರ್ ನಾನೇ ಅಲ್ವಾ ಅತ್ತೆ?"

ಕಡೆಗೆ ನಗು ತಡೆಯಲಾಗದೆ ಒಪ್ಪಿದರು. ರಾತ್ರಿ ಊಟಕ್ಕೆ ಎತ್ತಿಟ್ಟಿದ್ದ ಇನ್ನೊಂದು ಗಡಿಗೆ ಮೊಸರು ಬಂತು. ನಾನೇ ಬೆಲ್ಟು ಹಾಕಿದೆ. ಊರು ದಾಟುತ್ತಲೇ ಅತ್ತೆ ಮಗುವಿನಂತೆ ಕತ್ತು ಚಾಚಿ "ಓ, ಇಲ್ಲಿಂದ ರೋಡು ಇಷ್ಟುದ್ದ ಕಾಣ್ತದಾ!" ಅಂದರು. ಗುಂಡಿ ಬಂತು, ಹೋಯಿತು.

ಆಮೇಲೆ ರಸ್ತೆ ನೋಡುತ್ತಲೇ ಹೇಳಿದರು. "ನನ್ ಚೊಚ್ಚಲಕ್ಕೂ ತವರಿಗೆ ಓಗಿದ್ದೆ. ಒಗೆಸೊಪ್ಪಿನ ಟೆಂಪೋದಾಗೆ. ದಾರಿ ಉದ್ದಕ್ಕೂ ಕುಕ್ತು. ಮಗ ಉಳೀಲಿಲ್ಲ. ಅದ್ರಿಂದ್ಲೇ ಅಂತ ಯಾರೂ ಏಳ್ಲಿಲ್ಲ. ನಾನೇ ಅಂದ್ಕಂಡಿವ್ನಿ, ಇಲ್ಲೀಗಂಟ."

ಹಟಮಾರಿ ಮುದುಕಿ ಅಂತ ಎಷ್ಟು ಬೈದುಕೊಂಡಿದ್ದೆ! ಗೇರು ಇಳಿಸಿ, ಇನ್ನೂ ನಿಧಾನಕ್ಕೆ ಓಡಿಸಿದೆ.

ಮನೆ ಮುಂದೆ ನಿಂತದ್ದೇ ನಾನು ಗಡಿಗೆಯತ್ತ ಬಗ್ಗಿದೆ. ಅತ್ತೆ ಮುಚ್ಚಳ ತೆಗೆಯಲೇ ಇಲ್ಲ. ಗಡಿಗೆಯನ್ನು ಹಾಗೇ ತಂಗಿಯ ಕೈಗಿಟ್ಟರು. "ಮುಂದೆ ಕೂತ್ಕೊ ಮಗ. ಇದ ಕಾಲತ್ರ ಮಡಿಕ್ಕೊ. ಅಲ್ಲೋಗಿ ತೆಗ್ದು ನೋಡಿ, ಎಂಗದೆ ಅಂತ ಫೋನ್ ಮಾಡ್ರಿ."

ಸಂಜೆ ಮನೆ ಮುಟ್ಟಿದೆವು. ಅಮ್ಮ ಆರತಿ ಎತ್ತಿ ಒಳಗೆ ಕರೆದುಕೊಂಡ ಗಲಾಟೆಯಲ್ಲಿ ಗಡಿಗೆ ಮರೆತೇಹೋಯಿತು. ನೆನಪಾಗಿ ಫೋನು ಮಾಡಿದರೆ, ಒಂದು ರಿಂಗು ಮುಗಿಯುವುದರೊಳಗೆ ಎತ್ತಿದರು.

"ಮೊಸರು ಎಂಗದೆ?"

ಅಡುಗೆಮನೆಗೆ ಇಣುಕಿದೆ. ತಂಗಿ ಕಾಲು ಚಾಚಿ ಕೂತು, ಗಡಿಗೆಗೇ ಕೈ ಹಾಕಿ ಕೆನೆ ಎತ್ತಿ ಎತ್ತಿ ಬಾಯಿಗಿಡುತ್ತಿದ್ದಳು.

"ತಿಂತಾ ಅವ್ಳೆ ಅತ್ತೆ."

ಆ ಕಡೆ ಮೂಗು ಏರಿಸಿಕೊಂಡ ಸದ್ದು ಕೇಳಿಸಿತು. "ತಿನ್ಲಿ ಬುಡು," ಅಂದರು, "ಇಬ್ರೂ ತಿನ್ಲಿ."