ಎಷ್ಟು ಸಲ ಬಿದ್ದೀರಿ?

ನಾನಿದ್ದ ಪರದೇಶದ ನಗರದಲ್ಲಿ, ಪಾರ್ಕ್ ರಾಯಲ್‌ನ ಗೋದಾಮುಗಳ ನಡುವೆ, ಹಿಮದ ಮೇಲೆ ಜಾರಲು ಕಾಲಿಗೆ ಸಿಕ್ಕಿಸುವ ಸ್ಕೀ ಹಲಗೆಗಳನ್ನು ಮಾರುವ ಅಂಗಡಿಯೊಂದಿತ್ತು. ಅಲ್ಲಿ ಗಿರಾಕಿಗೆ ತಕ್ಕ ಸ್ಕೀ ಆರಿಸಿಕೊಡುತ್ತಿದ್ದವರು ಧಾರವಾಡದ ಕಡೆಯವರು. ಯಾರೇ ಬರಲಿ, ಕನ್ನಡಕವನ್ನು ಹಣೆಗೇರಿಸಿ ಮೊದಲು ಕೇಳುತ್ತಿದ್ದುದು ಒಂದೇ ಪ್ರಶ್ನೆ. ನಾನು ಕನ್ನಡದವನೆಂದು ತಿಳಿದದ್ದೇ ಅದನ್ನು ಕನ್ನಡದಲ್ಲಿ ಕೇಳಿದರು: "ಖರೆ ಹೇಳ್ರಿ, ಎಷ್ಟು ಸಲ ಬಿದ್ದೀರಿ?"

ಆಫೀಸಿನವರ ಜೊತೆ ಆಲ್ಪ್ಸ್‌ಗೆ ಹೊರಟಿದ್ದ ನಾನು, ಸ್ಕೀಯಿಂಗ್ ನನಗೆ ಚೆನ್ನಾಗಿ ಬರುತ್ತದೆಂದು ಮ್ಯಾನೇಜರ್ ಎದುರು ಕೊಚ್ಚಿಕೊಂಡಿದ್ದೆ. ಆ ಮರ್ಯಾದೆ ಉಳಿಸಿಕೊಳ್ಳಲು ನನಗಿಂತ ಎತ್ತರದ, ಅಂಗಡಿಯಲ್ಲೇ ದುಬಾರಿಯಾದ ಜೋಡಿಯನ್ನು ತೋರಿಸಿದೆ.

"ಒಂದ್ಸಲಾನೂ ಬಿದ್ದಿಲ್ಲ ಸಾರ್," ಎಂದೆ. ಸ್ಕೀ ಮೇಲೆ ಎಂದೂ ನಿಂತವನೇ ಅಲ್ಲವಾದ್ದರಿಂದ ಅದು ಸುಳ್ಳಾಗಿರಲಿಲ್ಲ.

ಅವರು ವಾದಿಸಲಿಲ್ಲ. ಅದೇ ಜೋಡಿಯನ್ನು ನನ್ನ ಕಾಲಿಗೆ ಸಿಕ್ಕಿಸಿ, ಕಾರ್ಪೆಟ್ ಮೇಲೆ ಕೂರಿಸಿ, "ಈಗ ಏಳ್ರಿ," ಎಂದರು. ಏಳಲು ಹೋಗಿ ಟೋಪಿಗಳ ಸ್ಟ್ಯಾಂಡನ್ನು ಮೈಮೇಲೆ ಕೆಡವಿಕೊಂಡೆ. ಟೋಪಿಗಳನ್ನು ಒಂದೊಂದಾಗಿ ಎತ್ತಿಟ್ಟು, ನನ್ನ ಗದ್ದದವರೆಗೆ ಬರುವ ಅಗ್ಗದ ಜೋಡಿಯನ್ನು ತಂದರು. "ಇದು ನಿಮ್ಮ ಮಾತು ಕೇಳ್ತದ, ತೊಗೊಳ್ರಿ."

ಆ ಚಳಿಗಾಲದಲ್ಲೇ ಅದೇ ನಗರದ ಕ್ವೀನ್ಸ್‌ಬರಿ ಬಡಾವಣೆಯಲ್ಲಿ ಬೆರಳಷ್ಟು ಹಿಮ ಬಿತ್ತು. ತರಕಾರಿ ಅಂಗಡಿಯ ಮುಂದೆ, ಮೆಂತ್ಯದ ಕಟ್ಟು ಹಿಡಿದು, ಗೋಡೆ ಸವರುತ್ತಾ ಬರುತ್ತಿದ್ದ ಅದೇ ಸ್ಕೀ ಅಂಗಡಿಯವರು ನನ್ನ ಕಣ್ಣೆದುರೇ ಜಾರಿ ಕುಳಿತರು. ಓಡಿಹೋಗಿ ಎಬ್ಬಿಸಿದೆ. ಇಂಥ ಅವಕಾಶ ಮತ್ತೆ ಸಿಕ್ಕೀತೇ?

"ಖರೆ ಹೇಳ್ರಿ, ಎಷ್ಟು ಸಲ ಬಿದ್ದೀರಿ?"

ಅವರು ಕನ್ನಡಕವನ್ನು ಹಣೆಗೇರಿಸಿದರು.

"ನೀವು ನೋಡಿದ್ದು ಸೇರಿಸಿ ಹೇಳ್ಲೇನ್ರಿ, ಬಿಟ್ಟು ಹೇಳ್ಲೇನ್ರಿ?"