ಅತ್ತೆಯನ್ನು ಕಡಲಿಗಿಳಿಸಿದ ದರ್ಜಿ

ಬಸ್ ನಿಲ್ದಾಣದ ಹಿಂದಿನ ಓಣಿಯಲ್ಲಿ ಹೊಲಿಗೆ ಅಂಗಡಿ ಇಟ್ಟಿರುವ ಆ ಹೆಂಗಸಿನ ಹತ್ತಿರ ಅವಸರದ ಗಿರಾಕಿಗಳ ಆಟ ನಡೆಯುವುದಿಲ್ಲ. ಹೊಸ ಬಟ್ಟೆಯನ್ನು ಮೊದಲು ನೀರಲ್ಲಿ ನೆನೆಹಾಕಿ, ಒಣಗಿಸಿ, ಕುಗ್ಗುವಷ್ಟು ಕುಗ್ಗಿದ ಮೇಲೆಯೇ ಕತ್ತರಿ. ನಾಳೆಯೇ ಮದುವೆ ಎಂದು ಗೋಗರೆದರೂ ಅಷ್ಟೆ. ಕುಗ್ಗುವುದಿದ್ದರೆ ನನ್ನ ಬಕೆಟ್ಟಿನಲ್ಲಿ ಕುಗ್ಗಲಿ, ನಿಮ್ಮ ಮೈಮೇಲೆ ಬೇಡ ಅನ್ನುತ್ತಾಳೆ.

ಅವಳ ಅತ್ತೆಗೆ ಒಂದು ಆಸೆ ಹತ್ತಿತು. ಟಿವಿಯಲ್ಲಿ ಬಣ್ಣದ ಮೀನುಗಳ ಹಿಂಡು ಕಂಡಾಗಿನಿಂದ, ಬಿಸಿಲ ಸೀಮೆಯ ಆ ದ್ವೀಪ ದೇಶಕ್ಕೆ ಹೋಗಿ, ಕಡಲ ನೀರಲ್ಲಿ ಮುಖವಿಟ್ಟು, ಅವನ್ನು ಕಣ್ಣಾರೆ ನೋಡಬೇಕೆಂಬ ಹಂಬಲ. ಎಪ್ಪತ್ತು ದಾಟಿದ ಮುದುಕಿಯ ಬಾಯಲ್ಲಿ ಇದನ್ನು ಕೇಳಿ ಹಿರಿಯ ಮಗ, ಎಂದರೆ ದರ್ಜಿಯ ಭಾವ, ಅಡ್ಡ ನಿಂತ. ಡ್ರೈವಿಂಗ್ ಶಾಲೆ ನಡೆಸುವ ಅವನಿಗೆ ಪಕ್ಕದಲ್ಲಿ ಕೂತು ಬ್ರೇಕು ಹಾಕುವುದೇ ಅಭ್ಯಾಸ.

"ಅಲ್ಲಿ ಅಮ್ಮ ಒಂದು ಸಲ ಎಡವಿದರೂ ಸಾಕು, ಆಮೇಲೆ ಅವಳನ್ನ ಈ ಹೊಸಿಲು ದಾಟೋಕೆ ನಾನು ಬಿಡಲ್ಲ. ಒಪ್ಪಿಗೆ ಇದ್ದರೆ ಹೊರಡಿ."

ದರ್ಜಿ ಒಪ್ಪಿದಳು. ಅವಳ ಗಂಡ ಎಂದಿನಂತೆ ಎರಡೂ ಕಡೆಗೆ ತಲೆಯಾಡಿಸಿ, ಅಂಗಡಿ ನೋಡಿಕೊಳ್ಳಲು ಉಳಿದ. ಕಾವಲಿಗೆ ತಾನೂ ಬರುತ್ತೇನೆಂದು ಭಾವನೇ ಹೇಳಿಕೊಂಡ. ಯಾರೂ ಕರೆದಿರಲಿಲ್ಲ.

ಟ್ರಾವೆಲ್ಸಿನವನು ಅರ್ಧ ಬೆಲೆಗೆ ಟಿಕೆಟ್ ಇದೆ ಎಂದು ಪುಸಲಾಯಿಸಿದ. ಅರ್ಧ ಬೆಲೆಯ ಮಾಲನ್ನು ಮಡಿಕೆ ಬಿಚ್ಚಿ ನೋಡದೆ ಕೊಳ್ಳುವವಳಲ್ಲ ದರ್ಜಿ. ಕೆದಕಿದಾಗ, ಆ ತಿಂಗಳು ಅಲ್ಲಿ ಬಿರುಗಾಳಿಯ ಕಾಲ ಎಂದು ಹೊರಬಿತ್ತು. ಕಡಲು ಶಾಂತವಾಗಿರುವ ತಿಂಗಳು, ಆಸ್ಪತ್ರೆ ಹತ್ತಿರವಿರುವ ಹೋಟೆಲು, ವಿಮೆ, ಸೊಳ್ಳೆಗೆ ಹಚ್ಚುವ ಮುಲಾಮು, ಡಾಕ್ಟರ ಒಪ್ಪಿಗೆ, ಎಲ್ಲ ಆಯಿತು. ಆಮೇಲೆ ಇಡೀ ಪ್ರವಾಸವನ್ನೇ ನೆನೆಹಾಕಿದಳು.

ಬಚ್ಚಲಲ್ಲಿ ದೊಡ್ಡ ಟಬ್ಬು ತುಂಬಿಸಿ, ತಳಕ್ಕೆ ಅಂಗಿಯ ಬಣ್ಣದ ಗುಂಡಿಗಳನ್ನು ಸುರಿದು, ಅತ್ತೆಯ ಕಣ್ಣಿಗೆ ಈಜುವವರ ಕನ್ನಡಕ, ಬಾಯಿಗೆ ಉಸಿರಾಟದ ಕೊಳವೆ ಕೊಟ್ಟಳು. ಮೊದಲ ದಿನ ಮುದುಕಿ ಕೆಮ್ಮಿ ಕೆಮ್ಮಿ ಓಣಿಯವರನ್ನೆಲ್ಲ ಬಾಗಿಲಿಗೆ ತಂದಳು. ವಾರ ಕಳೆಯುವುದರೊಳಗೆ, ಮುಖ ನೀರಲ್ಲಿಟ್ಟುಕೊಂಡೇ ಕೆಂಪು ಗುಂಡಿ ಯಾವುದು, ಹಳದಿ ಯಾವುದು ಎಂದು ಬೆರಳಲ್ಲಿ ತೋರಿಸತೊಡಗಿದಳು. ಒದ್ದೆ ನೆಲದಲ್ಲಿ ಜಾರುವ ಚಪ್ಪಲಿ ಮನೆಯಲ್ಲೇ ಸಿಕ್ಕಿಬಿತ್ತು; ಜಾರದ ಬೇರೆ ಜೋಡಿ ಬಂತು. ಕೆರೆಯ ದೋಣಿಯಲ್ಲಿ ಕೂರಿಸಿದಾಗ ಅತ್ತೆ ತಿಂದದ್ದೆಲ್ಲ ಕಕ್ಕಿದಳು. ಡಾಕ್ಟರು ಮಾತ್ರೆ ಕೊಟ್ಟರು. ಮುಂದಿನ ಸಲ ದೋಣಿಯಲ್ಲಿ ಕಾಲು ಚಾಚಿ ಕೂತಳು.

ಭಾವನನ್ನೂ ಕರೆದರು. "ನಾನೇನು ಬಟ್ಟೆಯಾ, ನೆನೆಹಾಕೋಕೆ?" ಎಂದು ದಡದಲ್ಲೇ ನಿಂತು ನಕ್ಕ.

ದ್ವೀಪದಲ್ಲೂ ದೋಣಿ ಹತ್ತುವ ಮುಂಚೆ ಮಾತ್ರೆ ಬೇಡವೆಂದ. ದಡ ಸಣ್ಣದಾಗುವವರೆಗೂ ಅಂಬಿಗನಿಗೇ ಪಾಠ ಹೇಳುತ್ತಿದ್ದ. ಅಲೆ ಕೊಂಚ ಎದ್ದದ್ದೇ ತಡ, ಪಾಠ ನಿಂತಿತು, ಮುಖ ಬಿಳಿಚಿತು, ಗುರುಗಳು ದೋಣಿಯ ತಳದಲ್ಲಿ ಅಂಗಾತ. ಅಮ್ಮನಿಗೆ ಆಗುವುದಿಲ್ಲ, ತಿರುಗಿಸಿ ಎಂದು ಅಲ್ಲಿಂದಲೇ ನರಳಿದ. ಅಂಬಿಗ ದರ್ಜಿಯ ಮುಖ ನೋಡಿದ. ಇಷ್ಟು ದೂರ ಬಂದದ್ದು ಇಲ್ಲಿಗೇ ಮುಗಿಯಿತೇ ಎಂದು ದರ್ಜಿ ಅತ್ತೆಯ ಮುಖ ನೋಡಿದಳು. ಅತ್ತೆ ಕೈಚೀಲದಿಂದ ಒಂದು ಪ್ಲಾಸ್ಟಿಕ್ ಕವರು ತೆಗೆದು ಮಗನಿಗೆ ಕೊಟ್ಟಳು.

"ಬಾಯಿ ಮುಚ್ಚಿಕೊಂಡು ಮಲಗು ಮಗನೇ. ತೆರೀಲೇಬೇಕು ಅಂದರೆ ಇದರೊಳಗೆ ತೆರಿ."

ಲೈಫ್ ಜಾಕೆಟ್ ತೊಟ್ಟ ಮುದುಕಿ, ಸೊಸೆಯ ತೋಳು ಹಿಡಿದು, ಏಣಿಯ ಮೇಲೆ ಒಂದೊಂದೇ ಹೆಜ್ಜೆ ಇಳಿದು, ನೀರಿಗೆ ಮುಖವಿಟ್ಟಳು. ಕೊಳವೆಯಿಂದ ಉಸಿರು ಹದವಾಗಿ ಬರುತ್ತಿತ್ತು. ಉಸಿರು ಬಿಗಿಹಿಡಿದದ್ದು ಸೊಸೆಯೇ. ಕೊನೆಗೆ ತಲೆಯೆತ್ತಿದಾಗ ಅತ್ತೆಯ ಸುಕ್ಕುಗಳೆಲ್ಲ ನಗುತ್ತಿದ್ದವು.

"ನೋಡೇ, ನಿನ್ನ ಗುಂಡಿ ಡಬ್ಬ ಯಾರೋ ಇಲ್ಲಿ ಸುರಿದಿದ್ದಾರೆ. ಎಲ್ಲಾ ಈಜ್ತಾ ಇವೆ."

ಊರಿಗೆ ಮರಳಿದ ಮೇಲೆ, ತಾನು ಅಮ್ಮನನ್ನು ಹೇಗೆ ಜೋಪಾನವಾಗಿ ಕರೆದೊಯ್ದೆನೆಂದು ಭಾವ ಓಣಿಯಲ್ಲೆಲ್ಲ ಹೇಳಿದ. ಅತ್ತೆ ಪೂರ್ತಿ ಕೇಳಿಸಿಕೊಂಡು, ಮುಂದಿನ ವರ್ಷ ಇನ್ನೊಂದು ದ್ವೀಪ, ಅದಕ್ಕೆ ಮೊದಲು ಇವನನ್ನೂ ನೆನೆಹಾಕು ಎಂದು ಸೊಸೆಗೆ ಅಪ್ಪಣೆ ಕೊಟ್ಟಳು. ಈಗ ಭಾನುವಾರ ಕೆರೆಯತ್ತ ಹೋದರೆ ನೋಡಬಹುದು: ದೋಣಿಯಲ್ಲಿ ಕಣ್ಣುಮುಚ್ಚಿ ಕೂತ ಡ್ರೈವಿಂಗ್ ಗುರು, ದಡದಲ್ಲಿ ನಿಂತು ಇನ್ನೊಂದು ಸುತ್ತು ಎಂದು ಕೈಬೀಸುವ ಅವನ ತಾಯಿ.