ರಾಗಿಯ ನೆಂಟನನ್ನು ಹುಡುಕಿ ತೆರಕಣಾಂಬಿಗೆ

ಸೆಪ್ಟೆಂಬರಿನ ಒಂದು ಶನಿವಾರ ಬೆಳಿಗ್ಗೆ ಮೈಸೂರಿನಲ್ಲಿ ಚಾಮರಾಜನಗರದ ರೈಲು ಹತ್ತಿದೆ. ಅರವತ್ತು ಕಿಲೋಮೀಟರ್ ದಾರಿ. ಸ್ಟೇಷನ್ನಿನಲ್ಲಿ ತಿಂದ ವಡೆಗೂ ಕುಡಿದ ಟೀಗೂ ಕೊಟ್ಟದ್ದಕ್ಕಿಂತ ಟಿಕೆಟ್ ಅಗ್ಗ. ಕೈಯಲ್ಲಿ ಹಳೆಯ ಪೇಪರಿನ ಕಟ್ಟು, ಎಲೆ ಒಣಗಿಸುವ ಸಿಲಿಕಾ ಜೆಲ್ ಪೊಟ್ಟಣ, ಒಂದು ಭೂತಗನ್ನಡಿ. ಎದುರಿಗೆ ಕೂತವರು "ಪೇಪರ್ ವ್ಯಾಪಾರವಾ?" ಎಂದು ಕೇಳಿದರು. ಹೌದು ಎಂದುಬಿಟ್ಟೆ. ಐವತ್ತಕ್ಕೆ ಹತ್ತಿರವಾದ ಕಾಲೇಜು ಮೇಷ್ಟ್ರು ಪಿಎಚ್‌ಡಿಗಾಗಿ ಹುಲ್ಲು ಕೀಳಲು ಹೊರಟಿದ್ದಾನೆ ಎಂದು ಹೇಳುವುದಕ್ಕಿಂತ ಅದೇ ಮರ್ಯಾದೆ.

ವಿಷಯ ಇಷ್ಟು. ಎಲೆಗೆ ಹಸಿರು ಕೊಡುವ ಕ್ಲೋರೋಪ್ಲಾಸ್ಟ್ ಎಂಬ ಕಣದೊಳಗೆ ಅದರದ್ದೇ ಆದ ಪುಟ್ಟ ಜೀನೋಮ್, ಅಂದರೆ ವಂಶವಾಹಿಗಳ ಬರಹ, ಇರುತ್ತದೆ. ಅದನ್ನು ಅಕ್ಷರ ಅಕ್ಷರವಾಗಿ ಓದಿ (ಇದಕ್ಕೇ ಸೀಕ್ವೆನ್ಸಿಂಗ್ ಎನ್ನುವುದು) ಹೋಲಿಸಿದರೆ ಯಾವ ಹುಲ್ಲು ಯಾವುದಕ್ಕೆ ಎಷ್ಟು ಹತ್ತಿರದ ನೆಂಟ ಎಂದು ತಿಳಿಯುತ್ತದೆ. ಭತ್ತ, ರಾಗಿ, ಬಿದಿರು ಎಲ್ಲವೂ ಹುಲ್ಲೇ. ನಾನು ರಾಗಿಯ ಕಡೆಯ ವಂಶವೃಕ್ಷ ಬರೆಯುತ್ತಿದ್ದೆ. ಅದಕ್ಕೆ ರಾಗಿಯ ಹತ್ತಿರದ ನೆಂಟ, ರಾಗಿ ಹೊಲದಲ್ಲೇ ಕಳೆಯಾಗಿ ಬೆಳೆಯುವ ಕಾಡುರಾಗಿ ಬೇಕಿತ್ತು. ಹೋದ ವರ್ಷ ಕಾಡುರಾಗಿ ಎಂದು ರಸ್ತೆ ಬದಿಯಿಂದ ಠೀವಿಯಲ್ಲಿ ಕಿತ್ತು ತಂದದ್ದು, ಓದಿ ನೋಡಿದರೆ, ಒಂದಕ್ಷರ ಬಿಡದೆ ರಾಗಿಯೇ. ತಾನಾಗಿ ಬಿದ್ದು ಹುಟ್ಟಿ ಸೊರಗಿದ್ದ ರಾಗಿ. ನನಗಿಂತ ಹನ್ನೆರಡು ವರ್ಷ ಚಿಕ್ಕವರಾದ ಗೈಡ್ ಮೇಡಂ, "ಸರ್, ಈ ಸಲವೂ ರಾಗಿ ತಂದ್ರೆ ನಾನು ಥೀಸಿಸ್‌ಗೆ ಸಹಿ ಹಾಕೋಲ್ಲ" ಎಂದು ಬಹಳ ಗೌರವದಿಂದ ಹೇಳಿದ್ದರು. ಐದು ವರ್ಷದ ದುಡಿಮೆ ಒಂದು ಗಿಡಕ್ಕೆ ಬಂದು ನಿಂತಿತ್ತು. ನನಗೆ ನಿಜಕ್ಕೂ ಭಯವಾಗಿತ್ತು.

ಚಾಮರಾಜನಗರದಲ್ಲಿ ಇಡ್ಲಿ ತಿಂದು, ಗುಂಡ್ಲುಪೇಟೆ ಬಸ್ಸು ಹಿಡಿದು ತೆರಕಣಾಂಬಿಯಲ್ಲಿ ಇಳಿದೆ. ಮೋಡ ಕವಿದಿತ್ತು, ಮಳೆ ಮಾತ್ರ ಬರಲೋ ಬೇಡವೋ ಎನ್ನುತ್ತಿತ್ತು. ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬಳ ತಂದೆ ಮಹದೇವಪ್ಪ ಮೊಪೆಡ್ ತಂದಿದ್ದರು. ನಿಮ್ಮ ರಾಗಿ ಹೊಲದ ಕಳೆ ನೋಡಲು ಬರುತ್ತೇನೆ ಎಂದು ಎರಡು ದಿನ ಮೊದಲೇ ಫೋನ್ ಮಾಡಿದ್ದೆ. ಹೊಲಕ್ಕೆ ಹೋಗಿ ನೋಡಿದೆ. ರಾಗಿಯ ಸಾಲು ಬಿಟ್ಟರೆ ಬರೀ ಮಣ್ಣು.

"ಕಳೆ ಎಲ್ಲಿ?" ಎಂದೆ.

"ಮೈಸೂರಿಂದ ಮೇಷ್ಟ್ರು ಕಳೆ ನೋಡಕ್ಕೆ ಬತ್ತಾರೆ ಅಂದ್ರೆ ನಮ್ ಮಾನ ಏನಾಗ್ಬೇಕು? ನಿನ್ನೆನೇ ನಾಕಾಳು ಬುಟ್ಟು ಕೀಳಿಸ್ಬುಟ್ಟೆ. ಒಂದೆಸಳು ಇದ್ರೆ ತೋರ್ಸಿ ನೋಡನ," ಎಂದರು ಮಹದೇವಪ್ಪ, ಹೆಮ್ಮೆಯಿಂದ.

ಕಿತ್ತದ್ದೆಲ್ಲ ಹಸುವಿನ ಗೊಂತಿಗೆ ಸೇರಿತ್ತು. ಓಡಿದೆ. ಹಸು ಒಂದು ಕಡೆಯಿಂದ ಮೇಯುತ್ತಿತ್ತು, ನಾನು ಇನ್ನೊಂದು ಕಡೆಯಿಂದ ಭೂತಗನ್ನಡಿ ಹಿಡಿದು ಹುಡುಕತೊಡಗಿದೆ. ನಮ್ಮಿಬ್ಬರಲ್ಲಿ ಅದರ ಕೆಲಸವೇ ಚುರುಕಾಗಿತ್ತು. ಕೊನೆಗೆ ಒಂದು ಗಿಡ ಎಳೆದುಕೊಂಡು, "ಸಿಕ್ತು, ಕಾಡುರಾಗಿ" ಎಂದೆ.

ನಿನ್ನೆ ಕಳೆ ಕಿತ್ತವರಲ್ಲಿ ಒಬ್ಬರಾದ ಮಾದಮ್ಮ ಅಲ್ಲೇ ಎಲೆಅಡಿಕೆ ಮೆಲ್ಲುತ್ತಾ ಕೂತಿದ್ದರು. "ಅದು ರಾಗಿನೇ ಕಣ್ ಮೇಷ್ಟ್ರೇ. ಕೀಳ್ವಾಗ ಕೈ ತಪ್ಪಿ ಬಂದಿರದು. ಬನ್ನಿ ಇಲ್ಲಿ," ಎಂದು ಎದ್ದು, ಮೋಟರ್ ಮನೆಯ ಹಿಂದಿನ ಕಾಲುದಾರಿಗೆ ಕರೆದೊಯ್ದರು. ಅಲ್ಲಿ ತೆಳ್ಳನೆಯ ತೆನೆ ಬಿಟ್ಟ ಒಂದು ಹುಲ್ಲು ನಿಂತಿತ್ತು. "ಕೀಳಿ," ಎಂದರು.

ಒಂದು ಕೈಯಲ್ಲಿ ಎಳೆದೆ, ಜಗ್ಗಲಿಲ್ಲ. ಎರಡು ಕೈ ಹಾಕಿ ಎಳೆದೆ. ಬೇರು ಬಂತು, ನಾನು ಅಂಡೂರಿ ಕೆಸರಿನಲ್ಲಿ ಕೂತೆ.

"ಅದೇ ಕಣ್ ಬುಡಿ," ಎಂದರು ಮಾದಮ್ಮ. "ರಾಗಿ ಆದ್ರೆ ಕರದಂಗೆ ಬತ್ತದೆ. ಇದು ಬರಲ್ಲ. ಬುಡ ನೋಡಿ, ಚಪ್ಪಟೆಗೆ, ಬೆಳ್ಳಗೆ." ಪುಸ್ತಕದಲ್ಲೂ ಹಾಗೇ ಬರೆದಿದೆ. ನಾನು ಓದಿದ್ದೆ, ಪಾಠವನ್ನೂ ಮಾಡಿದ್ದೆ.

ಅಲ್ಲೇ ಎಲೆ ಹರಿದು ಸಿಲಿಕಾ ಜೆಲ್‌ನಲ್ಲಿಟ್ಟು, ಗಿಡವನ್ನು ಪೇಪರಿನ ನಡುವೆ ಒತ್ತಿದೆ. ಚೀಟಿ ಬರೆಯುವಾಗ ಮಹದೇವಪ್ಪ ಹತ್ತಿರ ಬಂದು, "ಊರ ಹೆಸ್ರು ಬೇಕಾದ್ರೆ ಬರ್ಕಳಿ, ನನ್ ಹೊಲ ಅಂತ ಬ್ಯಾಡಿ," ಎಂದು ತಗ್ಗಿದ ದನಿಯಲ್ಲಿ ಕೇಳಿಕೊಂಡರು.

ಮಧ್ಯಾಹ್ನ ಅವರ ಜಗುಲಿಯಲ್ಲಿ ಮುದ್ದೆ, ಹುರುಳಿಕಾಳಿನ ಸಾರು. ಇದನ್ನೆಲ್ಲ ಮಾಡಿ ಏನು ಪ್ರಯೋಜನ ಎಂದು ಮಾದಮ್ಮ ಕೇಳಿದರು. ಹುಲ್ಲುಗಳಲ್ಲಿ ಈ ಹಸಿರು ಕಣ ಹೆಚ್ಚಾಗಿ ತಾಯಿಯ ಕಡೆಯಿಂದಲೇ ಬರುತ್ತದೆ, ರಾಗಿಗೆ ಅದು ಬಂದಿರುವುದು ಈ ಹುಲ್ಲಿನ ವಂಶದಿಂದ ಎಂದು ವಿವರಿಸಿದೆ.

"ಅಂಗಾರೆ ರಾಗಿಗೆ ಇದು ತವರು ಮನೆ ಕಡೆದು ಅನ್ನಿ. ಇಷ್ಟ್ ವರ್ಸ ಕಿತ್ ಕಿತ್ ಹಸಕ್ಕೆ ಹಾಕ್ಬುಟ್ನಲ್ಲ."

"ಇನ್ಮೇಲೆ ಕೀಳಲ್ವಾ?"

"ಕೀಳ್ದೆ ಬುಡಕ್ಕಾಯ್ತದಾ? ತವರೋರು ಅಂತ ಹೊಲನೇ ಬುಟ್ಕೊಟ್ರೆ ಮುದ್ದೆಗೆ ಏನ್ ಮಾಡದು?"

ಸಂಜೆ ಗುಂಡ್ಲುಪೇಟೆಗೆ ಬಂದೆ. ಬಸ್ ನಿಲ್ದಾಣದಲ್ಲಿ ಊಟಿ ಕಡೆಯವರು, ಕೇರಳದ ಕಡೆಯವರು ಎಲ್ಲರೂ ಬಾಳೆಹಣ್ಣು ಕೊಳ್ಳುತ್ತಿದ್ದರು. ಪ್ಯಾಂಟಿನ ಹಿಂದಿನ ಕೆಸರು ಒಣಗಿ ಉದುರುತ್ತಿತ್ತು. ಮೈಸೂರಿನ ಬಸ್ಸಿನಲ್ಲಿ ಕಿಟಕಿ ಪಕ್ಕ ಕೂತು, ಗಿಡದ ಕಟ್ಟನ್ನು ತೊಡೆಯ ಮೇಲಿಟ್ಟುಕೊಂಡು ಮೇಡಂಗೆ ಫೋನ್ ಮಾಡಿದೆ.

"ಕಾಡುರಾಗಿ ಸಿಕ್ಕಿತು ಮೇಡಂ. ತೆನೆ ಸಮೇತ."

ಮೇಡಂ ಬಹಳ ಹುಷಾರಾಗಿ ಕೇಳಿದರು. "ಗುರುತಿಸಿದ್ದು ಯಾರು ಸರ್? ನೀವೇನಾ?"

"ಇಲ್ಲ ಮೇಡಂ. ಮಾದಮ್ಮ ಅಂತ, ಇಲ್ಲಿ ಹೊಲದಲ್ಲಿ ಕಳೆ ಕೀಳುವವರು."

"ಸದ್ಯ," ಎಂದರು ಮೇಡಂ. "ಹಾಗಾದ್ರೆ ಸೋಮವಾರವೇ ಸೀಕ್ವೆನ್ಸಿಂಗ್‌ಗೆ ಕಳಿಸೋಣ."